ಗರತಿ ತೆತ್ತ ಬೆಲೆ

ಸಮಾಜದ ಕಟ್ಟುಪಾಡನ್ನು ಮುರಿದವರ ಕಥೆ ಹೇಗೋ ದಾಖಲೆಗೆ ಸೇರುತ್ತದೆ. ಅದನ್ನು ಜೀವನವಿಡೀ ಪಾಲಿಸಿದವರ ನೋವು ಸೇರುವುದು ಅಪರೂಪ. ಹಲಸಂಗಿಯ ಗೆಳೆಯರು 1931ರಲ್ಲಿ ಅಚ್ಚಿಗೆ ತಂದ ಹಾಡುಗಳು ಆ ಅಪರೂಪದ ದಾಖಲೆಯಾಗಿವೆ.

ಯಾವ ಸಮಾಜವೂ ತನ್ನವರ ನಡವಳಿಕೆಯನ್ನು ಕಾನೂನಿನ ಬಲವೊಂದರಿಂದಲೇ ಹಿಡಿತದಲ್ಲಿ ಇಟ್ಟುಕೊಂಡಿಲ್ಲ. ಎಲ್ಲಿಯೂ ಬರೆದಿಡದ, ಆದರೆ ಎಲ್ಲರಿಗೂ ಬಾಯಿಪಾಠವಾಗಿರುವ ಕಟ್ಟುಪಾಡುಗಳೇ ಆ ಕೆಲಸದ ಬಹುಪಾಲನ್ನು ಮಾಡುತ್ತವೆ. ಇಂಥ ವಯಸ್ಸಿಗೆ ಮದುವೆಯಾಗಬೇಕು, ಕುಲದೊಳಗೇ ಆಗಬೇಕು, ಬೇಗನೆ ಮನೆಯಲ್ಲಿ ತೊಟ್ಟಿಲು ತೂಗಬೇಕು, ಅತ್ತೆಯ ಎದುರು ದನಿ ಎತ್ತಬಾರದು, ಗಂಡನ ತಪ್ಪು ಹೊಸ್ತಿಲು ದಾಟಬಾರದು ಎಂಬ ನಿಯಮಗಳನ್ನು ಯಾವ ಅರಸನೂ ಹೊರಡಿಸಿದ್ದಲ್ಲ, ಯಾವ ನ್ಯಾಯಾಲಯವೂ ಎತ್ತಿಹಿಡಿದದ್ದಲ್ಲ. ಆದರೂ ಅರಸರ ಆಜ್ಞೆಗಳು ಅಳಿದುಹೋದ ಮೇಲೆಯೂ ಇವು ಉಳಿದುಕೊಂಡು ಬಂದಿವೆ. ಇವುಗಳ ಬಲವನ್ನೆಲ್ಲ ವಿಜಯಪುರ ಸೀಮೆಯ ಮಾತು ಒಂದೇ ಪ್ರಶ್ನೆಯಲ್ಲಿ ಅಡಗಿಸಿಟ್ಟಿದೆ: ‘ನಾಕು ಮಂದಿ ಏನಂದಾರು?’ ಆ ನಾಲ್ಕು ಮಂದಿ ಯಾರೆಂದು ಯಾರೂ ಹೆಸರಿಸುವುದಿಲ್ಲ, ಅವರು ನಿಜವಾಗಿ ಏನಾದರೂ ಅನ್ನುವರೇ ಎಂದು ಯಾರೂ ಹೋಗಿ ಕೇಳುವುದಿಲ್ಲ. ಅಂದಾರು ಎಂಬ ಅಂಜಿಕೆಯೇ ಸಾಕಾಗುತ್ತದೆ.

ಈ ಅಂಜಿಕೆಗೆ ಜನ ತೆರುವ ಬೆಲೆಯನ್ನು ಅಳೆಯುವುದು ಸುಲಭವಲ್ಲ. ಕಟ್ಟುಪಾಡನ್ನು ಮುರಿದವರು ತೆತ್ತ ಬೆಲೆ ಬಹಿಷ್ಕಾರವಾಗಿ, ಹಲ್ಲೆಯಾಗಿ, ಕೊಲೆಯಾಗಿ ಕಣ್ಣಿಗೆ ಬೀಳುವುದರಿಂದ ಅದು ಪೊಲೀಸ್ ಠಾಣೆಯ ಕಡತದಲ್ಲಿಯೋ ಪತ್ರಿಕೆಯ ವರದಿಯಲ್ಲಿಯೋ ಸೇರುತ್ತದೆ. ಆದರೆ ಅದನ್ನು ಚಾಚೂ ತಪ್ಪದೆ ಪಾಲಿಸಿ, ‘ಒಳ್ಳೆಯವಳು’ ಎನ್ನಿಸಿಕೊಂಡು, ಒಳಗೇ ಸವೆದುಹೋದವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಏಕೆಂದರೆ ದೂರದಿಂದ ನೋಡುವವರಿಗೆ ಅಲ್ಲಿ ಏನೂ ನಡೆದೇ ಇಲ್ಲ. ಕನ್ನಡದಲ್ಲಿ ಆ ಲೆಕ್ಕವನ್ನು ಪಾಲಿಸಿದವರ ಬಾಯಿಂದಲೇ ಕೇಳಬೇಕೆಂದರೆ ಭೀಮಾ ತೀರದ ಗಡಿಸೀಮೆಯ ಒಂದು ಸಣ್ಣ ಊರಿನ ಹೆಸರನ್ನು ನೆನೆಯಬೇಕಾಗುತ್ತದೆ.

ಹಲಸಂಗಿಯ ಗೆಳೆಯರು ಕಂಡದ್ದು

ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಒಂದು ಹಳ್ಳಿ. ಮರಾಠಿ ಸೀಮೆಗೆ ಹತ್ತಿರ, ದೊಡ್ಡ ಪಟ್ಟಣಗಳಿಗೆ ದೂರ. ಅಲ್ಲಿ ಮಧುರಚೆನ್ನ ಎಂಬ ಕಾವ್ಯನಾಮದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಕೂಡಿಕೊಂಡ ಬಳಗವನ್ನು ಕನ್ನಡ ಸಾಹಿತ್ಯದ ಇತಿಹಾಸ ‘ಹಲಸಂಗಿ ಗೆಳೆಯರು’ ಎಂದೇ ಗುರುತಿಸುತ್ತದೆ. ಜಾತಿ ಮತಗಳ ಗೆರೆಯನ್ನು ದಾಟಿ ಕಟ್ಟಿಕೊಂಡ ಈ ಗೆಳೆತನದಿಂದ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಎಂಬ ಸಂಕಲನಗಳು ಹೊರಬಂದವು. ಓದುಬರಹ ಬಲ್ಲವರು ಹಳ್ಳಿಯ ಹಾಡನ್ನು ಸಾಹಿತ್ಯವೆಂದು ಎಣಿಸದಿದ್ದ ಕಾಲದಲ್ಲಿ, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡಿಕೊಳ್ಳುತ್ತಿದ್ದ ಪದಗಳನ್ನು ಕೂತು ಬರೆದುಕೊಂಡು, ಅಚ್ಚಿಗೆ ಯೋಗ್ಯವೆಂದು ನಂಬಿ ನಾಡಿನ ಮುಂದಿಟ್ಟದ್ದು ಈ ಬಳಗದ ದೊಡ್ಡ ಕೆಲಸ.

ಗರತಿ ಎಂದರೆ ಮನೆತನದ ಮಾನವನ್ನು ತನ್ನ ನಡತೆಯಿಂದ ಕಾಯುವ ಗೃಹಿಣಿ. ಈ ಮರ್ಯಾದೆ ಹುಟ್ಟಿನಿಂದ ಬಂದು ಕೈಯಲ್ಲಿ ಉಳಿಯುವಂಥದಲ್ಲ, ಪ್ರತಿದಿನವೂ ಗಳಿಸಿಕೊಳ್ಳಬೇಕಾದದ್ದು. ನಸುಕಿನಲ್ಲಿ ಏಳುವುದರಿಂದ ಹಿಡಿದು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತನಕ ಆಕೆಯ ಪ್ರತಿಯೊಂದು ಚಲನೆಯನ್ನು ಅತ್ತೆ, ನಾದಿನಿ, ನೆಗೆಣ್ಣಿ, ನೆರೆಮನೆಯವರು ನೋಡುತ್ತಲೇ ಇರುತ್ತಾರೆ, ಮತ್ತು ಒಂದು ಸಲ ತಪ್ಪಿದರೆ ಹತ್ತು ವರ್ಷದ ಗಳಿಕೆ ಹೋಗುತ್ತದೆ. ಹೀಗೆ ನೋಡುವ ಕಣ್ಣುಗಳಲ್ಲಿ ಹೆಚ್ಚಿನವು ಹಿಂದೆ ಇದೇ ಪರೀಕ್ಷೆಗೆ ಒಳಗಾದ ಹೆಂಗಸರ ಕಣ್ಣುಗಳೇ ಆಗಿದ್ದವೆಂಬುದು ಈ ವ್ಯವಸ್ಥೆಯ ಗಟ್ಟಿತನಕ್ಕೆ ಕಾರಣವೂ ಹೌದು, ಅದರ ಅತಿ ದೊಡ್ಡ ದುಃಖವೂ ಹೌದು.

ಒತ್ತಡದ ಬೇರುಗಳು

ಕಟ್ಟುಪಾಡು ಇಷ್ಟು ಬಿಗಿಯಾಗಿ ನಿಲ್ಲುವುದು ಅದು ಒಬ್ಬರ ಕೊರಳಿಗೆ ಕಟ್ಟಿದ್ದಲ್ಲ, ಇಡೀ ಬಳಗದ ಕೊರಳಿಗೆ ಕಟ್ಟಿದ್ದು ಎಂಬ ಕಾರಣಕ್ಕೆ. ಬೀಗತನ, ಅಂದರೆ ಹೆಣ್ಣು ಕೊಟ್ಟು ತರುವ ಸಂಬಂಧ, ಈ ಸೀಮೆಯಲ್ಲಿ ಕೆಲವೇ ಮನೆತನಗಳ ನಡುವೆ ಸುತ್ತುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣನ್ನು ಕೊಡುವ ರೂಢಿ ಇಲ್ಲಿ ಹಳೆಯದು. ಹೀಗಾಗಿ ಒಬ್ಬ ಮಗಳು ಗಂಡನ ಮನೆ ಬಿಟ್ಟು ಬಂದರೆ ಅವಳ ತಂಗಿಗೆ ಗಂಡು ಸಿಗುವುದು ಕಷ್ಟವಾಗುತ್ತದೆ, ತಮ್ಮನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ, ಅಣ್ಣನ ಹೆಂಡತಿಯೇ ಮುದುರಿಕೊಳ್ಳುತ್ತಾಳೆ. ಮಗಳನ್ನು ತಿರುಗಿ ಕಳಿಸುವ ತಂದೆಗೆ ಅವಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಯ ಬೆಲೆಯನ್ನು ಉಳಿದ ಮಕ್ಕಳು ತೆರಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿದೆ. ಪಾಲನೆಯ ಒತ್ತಡವು ಅಕ್ಕರೆಯ ದಾರಿಯಿಂದಲೇ ಹರಿದುಬರುವುದರಿಂದ ಅದನ್ನು ಎದುರಿಸುವುದು ಕ್ರೌರ್ಯವನ್ನು ಎದುರಿಸುವುದಕ್ಕಿಂತ ಕಷ್ಟ.

ಇದರ ಮೇಲೆ ಊರ ದೈವದ ಅಧಿಕಾರವಿತ್ತು. ದೈವ ಎಂದರೆ ಇಲ್ಲಿ ದೇವರಲ್ಲ. ಊರಿನ ಅಥವಾ ಕುಲದ ಹಿರಿಯರು ಕೂಡುವ ಸಭೆ. ಜಗಳ ಬಿಡಿಸುವುದು, ದಂಡ ಹಾಕುವುದು, ತಪ್ಪಿದವರನ್ನು ಕುಲದಿಂದ ಹೊರಗಿಡುವುದು ಅದರ ಕೈಯಲ್ಲಿದ್ದವು. ಸಮಾಜ ಕೆಲವು ರಿಯಾಯಿತಿಗಳನ್ನು ಕೊಟ್ಟಿತ್ತು ನಿಜ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ‘ಉಡಿಕೆ’ ಎಂಬ ಮರುಮದುವೆಗೆ ಅವಕಾಶವಿತ್ತು. ಆದರೆ ಉಡಿಕೆಯಾದವಳಿಗೆ ಮೊದಲ ಮದುವೆಯ ಮರ್ಯಾದೆ ಇರಲಿಲ್ಲ, ಶುಭಕಾರ್ಯದಲ್ಲಿ ಮುತ್ತೈದೆಯರ ಸಾಲಿನಲ್ಲಿ ಅವಳ ಜಾಗ ಹಿಂದಕ್ಕೆ ಸರಿಯುತ್ತಿತ್ತು. ರಿಯಾಯಿತಿಯನ್ನು ಕೊಡುವಾಗಲೂ ಸಮಾಜ ಅದರ ಬೆಲೆಯನ್ನು ವಸೂಲು ಮಾಡುವುದನ್ನು ಮರೆಯಲಿಲ್ಲ.

ಕಲ್ಲಿನ ಮುಂದೆ ಆಡಿದ ಮಾತು

ಇಷ್ಟೊಂದು ಕಾವಲಿನ ನಡುವೆ ಹೆಣ್ಣಿಗೆ ತನ್ನದೆನ್ನುವ ಹೊತ್ತು ಒಂದಿತ್ತು. ಜೋಳವೇ ಮುಖ್ಯ ಆಹಾರವಾದ ಈ ಸೀಮೆಯಲ್ಲಿ ದಿನದ ರೊಟ್ಟಿಗೆ ಬೇಕಾದ ಹಿಟ್ಟನ್ನು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸಬೇಕಾಗಿತ್ತು. ಒಬ್ಬಳೇ, ಇಲ್ಲವೆ ಇನ್ನೊಬ್ಬಳನ್ನು ಎದುರು ಕೂರಿಸಿಕೊಂಡು, ಗೂಟ ಹಿಡಿದು ಕಲ್ಲನ್ನು ತಿರುಗಿಸುವಾಗ ದಣಿವು ಮರೆಯಲು ಹಾಡು ಬೇಕಾಗಿತ್ತು. ಆ ಹಾಡಿನ ಛಂದಸ್ಸು ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದ ಈ ಅಚ್ಚಗನ್ನಡ ಮಟ್ಟು ಅಕ್ಷರ ಕಲಿಯದ ಹೆಣ್ಣುಮಕ್ಕಳ ನಾಲಿಗೆಯ ಮೇಲೆ ತಲೆತಲಾಂತರ ಉಳಿದುಬಂದಿತು.

ಈ ತ್ರಿಪದಿಗಳಲ್ಲಿ ದೇವರ ನೆನಹು, ಬೀಸುವ ಕಲ್ಲಿನ ಸ್ತುತಿ, ಗಂಡನ ಮೇಲಿನ ಒಲವು, ಮಗುವಿನ ಚೆಲುವು ಎಲ್ಲವೂ ಇವೆ. ಆದುದರಿಂದ ಇವನ್ನು ಬರಿಯ ಗೋಳಿನ ಹಾಡುಗಳೆನ್ನುವುದು ತಪ್ಪಾಗುತ್ತದೆ. ಆದರೆ ಗರತಿತನಕ್ಕೆ ತೆತ್ತ ಬೆಲೆಯೂ ಅವುಗಳಲ್ಲಿ ಸ್ಪಷ್ಟವಾಗಿದೆ. ಎಳೆಯ ವಯಸ್ಸಿನಲ್ಲಿ ತವರನ್ನು ಬಿಟ್ಟು ಬಂದ ಸಂಕಟ, ಹಬ್ಬಕ್ಕೆ ಕರೆಯಲು ಅಣ್ಣ ಬಾರದೆ ಹೋದ ನೋವು, ಅತ್ತೆ ನಾದಿನಿಯರ ಚುಚ್ಚುಮಾತು, ಸವತಿಯನ್ನು ತಂದ ಗಂಡನೊಂದಿಗೆ ಬಾಳುವ ಉರಿ, ತಾಯಿ ತೀರಿದ ಮೇಲೆ ತವರಿನ ಬಾಗಿಲು ಚಿಕ್ಕದಾಗುವ ಅರಿವು ಇವೆಲ್ಲ ಮತ್ತೆಮತ್ತೆ ಬರುತ್ತವೆ. ಎಲ್ಲಕ್ಕಿಂತ ಆಳವಾದದ್ದು ಬಂಜೆಯ ದುಃಖ; ಹೊಲ, ಮನೆ, ದನ, ಕರು, ಗಂಡನ ಪ್ರೀತಿ ಎಲ್ಲ ಇದ್ದೂ ಮಕ್ಕಳಿಲ್ಲದ ಒಂದು ಕಾರಣಕ್ಕೆ ಊರಿನ ಶುಭದಿಂದ ದೂರವಾದವಳು ತನ್ನನ್ನು ತಾನೇ ಬೇಡವಾದವಳೆಂದು ಕಾಣತೊಡಗುವುದು ಈ ಹಾಡುಗಳಲ್ಲಿ ಬರುವ ಅತ್ಯಂತ ಕಠಿಣ ಸತ್ಯ. ಕಟ್ಟುಪಾಡಿನ ಕಣ್ಣು ಹೊರಗಿನಿಂದ ನೋಡುವುದನ್ನು ಮುಗಿಸಿ ಒಳಗೆ ಬಂದು ಕೂತಾಗ ಮನುಷ್ಯನಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಹಗಲಿನಲ್ಲಿ ಆಡಿದರೆ ಮನೆಯೊಡೆಯಬಹುದಾದ ಈ ಮಾತುಗಳನ್ನು ಕಲ್ಲಿನ ಮುಂದೆ ಹೇಗೆ ಹಾಡಲಾಯಿತು ಎಂಬುದನ್ನು ಅರಿಯಬೇಕಾದರೆ ಹಾಡಿನ ಮೂರು ಗುಣಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹಾಡಿಗೆ ಕರ್ತೃವಿಲ್ಲ. ತನ್ನ ಅತ್ತೆಯನ್ನೇ ಕುರಿತು ಹಾಡಿದರೂ ಅದು ಯಾರೋ ಹಿಂದಿನವರು ಕಟ್ಟಿದ ಪದವೆಂದು ಹೇಳಬಹುದು. ಎರಡನೆಯದಾಗಿ, ಅದು ದುಡಿಮೆಯ ಭಾಗ. ಹಾಡುವವಳು ಕೆಲಸ ಬಿಟ್ಟು ಕೂತಿಲ್ಲವಾದ್ದರಿಂದ ಅವಳನ್ನು ಗದರಿಸಲು ಕಾರಣವಿಲ್ಲ. ಮೂರನೆಯದಾಗಿ, ಕೇಳುವವರು ಇಲ್ಲದಿಲ್ಲ, ಆದರೆ ಕೇಳಿದರೂ ಉತ್ತರ ಕೊಡಬೇಕಾದ ಹೊಣೆ ಅವರಿಗಿಲ್ಲ. ಒಳಮನೆಯಲ್ಲಿ ಮಲಗಿದ್ದ ಅತ್ತೆಯ ಕಿವಿಗೂ ಗಂಡನ ಕಿವಿಗೂ ಬಿದ್ದ ಹಾಡು ಬೆಳಗಾದ ಮೇಲೆ ಚರ್ಚೆಗೆ ಬರುವುದಿಲ್ಲ.

ಅನುಮತಿ ಪಡೆದ ನೋವು

ಇಂಥ ಏರ್ಪಾಡು ಹಲಸಂಗಿಯ ಸೀಮೆಗೆ ಮಾತ್ರ ಮೀಸಲಲ್ಲ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಬೀಸುವ ಹೆಂಗಸರು ಓವಿ ಎಂಬ ಪದ್ಯದಲ್ಲಿ ಇದೇ ಬದುಕನ್ನು ಹಾಡಿಕೊಂಡರು. ಹೇಮಾ ರಾಯಿರ್ಕರ್ ಮತ್ತು ಗಿ ಪ್ವಾತ್ವ್ಯಾಂ ಪುಣೆಯಿಂದ ಆರಂಭಿಸಿದ ಸಂಗ್ರಹಕಾರ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಓವಿಗಳು ದೊರೆತವು. ಈಜಿಪ್ಟಿನ ಮರುಭೂಮಿಯಂಚಿನ ಅವ್ಲಾದ್ ಅಲಿ ಎಂಬ ಬೆಡೂಯಿನ್ ಸಮುದಾಯವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಲೈಲಾ ಅಬು-ಲುಘೋದ್, ಮಾನದ ನಿಯಮವನ್ನು ಬಿಗಿಯಾಗಿ ಪಾಲಿಸುವ ಆ ಜನ ದಿನದ ಮಾತಿನಲ್ಲಿ ಒಪ್ಪಿಕೊಳ್ಳದ ಒಲವನ್ನೂ ಅಗಲಿಕೆಯ ನೋವನ್ನೂ ಆಪ್ತರ ನಡುವೆ ಸಣ್ಣ ಪದ್ಯಗಳಲ್ಲಿ ತೋಡಿಕೊಳ್ಳುವುದನ್ನು 1986ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಮಾನಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳು ಆ ಮಾನದ ಭಾರವನ್ನು ಹೇಳಿಕೊಳ್ಳಲು ಒಂದು ಕಿಂಡಿಯನ್ನು ಬಿಟ್ಟಿರುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ವಿಜಯಪುರ ಸೀಮೆಯಲ್ಲಿ ಊರು ನೆರೆಯುವ ಸಭೆಗೂ ಇಂಥದೊಂದು ಕಿಂಡಿಯಿತ್ತು. ಲಾವಣಿಕಾರ ಖಾಜಾಭಾಯಿಯ ಊರೆಂದೂ ಹೆಸರಾದ ಹಲಸಂಗಿಯ ಸುತ್ತ ಹರದೇಶಿ–ನಾಗೇಶಿ ಎಂಬ ಹಾಡಿನ ಪೈಪೋಟಿ ಬೆಳೆದುಬಂದಿದೆ; ಇದರಲ್ಲಿ ಹರದೇಶಿಯವರು ಶಿವನ, ಎಂದರೆ ಗಂಡಿನ ಹೆಚ್ಚಳವನ್ನು ಸಾಧಿಸಿದರೆ ನಾಗೇಶಿಯವರು ಶಕ್ತಿಯ, ಎಂದರೆ ಹೆಣ್ಣಿನ ಹೆಚ್ಚಳವನ್ನು ಸಾಧಿಸುತ್ತಾರೆ. ಹೆಣ್ಣೇ ಮೇಲೆಂದು ವಾದಿಸಿದ ಪಕ್ಷಕ್ಕೆ ಇಡೀ ಊರು ರಾತ್ರಿಯೆಲ್ಲ ಕೂತು ತಲೆದೂಗಿದರೂ ಮರುದಿನ ಯಾವ ಮನೆಯ ಪದ್ಧತಿಯೂ ಬದಲಾಗುವುದಿಲ್ಲ.

ಕಿಂಡಿಯ ಗುಣವೂ ಮಿತಿಯೂ ಇಲ್ಲಿಯೇ ಇವೆ. ಹಾಡಿಕೊಂಡು ಎದೆ ಹಗುರ ಮಾಡಿಕೊಂಡವಳು ಮರುದಿನದ ಗರತಿತನಕ್ಕೆ ಮತ್ತೆ ಸಿದ್ಧಳಾಗುತ್ತಿದ್ದಳು. ಹಾಡು ಆಕೆಯನ್ನು ಉಳಿಸಿತು, ಜೊತೆಗೆ ಕಟ್ಟುಪಾಡನ್ನೂ ಉಳಿಸಿತು. ನೋವನ್ನು ಹೇಳಲು ಅವಕಾಶವಿದ್ದು, ಆ ಮಾತಿಗೆ ಉತ್ತರಿಸಬೇಕಾದವರು ಯಾರೂ ಇಲ್ಲದಿದ್ದಾಗ ನೋವು ಶತಮಾನಗಟ್ಟಲೆ ಹಾಗೆಯೇ ಮುಂದುವರಿಯಬಲ್ಲದು.

ಗೆರೆ ದಾಟಿದವರು

ಗೆರೆ ದಾಟುವ ಮಾತನ್ನು ಇದೇ ನೆಲ ಹನ್ನೆರಡನೆಯ ಶತಮಾನದಲ್ಲಿ ಆಡಿತ್ತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಹುಟ್ಟಿದ ಕುಲದ ಆಚಾರವನ್ನು ಬಿಟ್ಟು ಕೂಡಲಸಂಗಮಕ್ಕೂ ಅಲ್ಲಿಂದ ಮುಂದೆ ಕಲ್ಯಾಣಕ್ಕೂ ಹೋದರು. ಅಲ್ಲಿ ಕೂಡಿದ ಶರಣರು ಕುಲ ಲಿಂಗ ಭೇದಗಳನ್ನು ಪ್ರಶ್ನಿಸಿದರು. ಪರಂಪರೆಯ ಕಥನಗಳು ಹೇಳುವಂತೆ, ಸಮಗಾರ ಹರಳಯ್ಯನವರ ಮಗ ಶೀಲವಂತನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಬಿಜ್ಜಳನ ಆಳ್ವಿಕೆ ಇಬ್ಬರು ತಂದೆಯರಿಗೂ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಘೋರ ಶಿಕ್ಷೆಯನ್ನು ಕೊಟ್ಟಿತು. ಶರಣರ ವಚನಕ್ಕೂ ಗರತಿಯ ಹಾಡಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿ ಗೋಚರಿಸುತ್ತದೆ. ವಚನಕ್ಕೆ ಅಂಕಿತವಿದೆ, ಆಡಿದವರ ಗುರುತಿದೆ, ಎದುರು ಕೂತು ಉತ್ತರ ಕೊಡುವ ಅನುಭಾವಗೋಷ್ಠಿಯಿದೆ. ಆದ್ದರಿಂದಲೇ ಅದು ಬದುಕನ್ನು ಬದಲಿಸಬಲ್ಲದಾಯಿತು, ಆದ್ದರಿಂದಲೇ ಶಿಕ್ಷೆಯನ್ನೂ ತಂದಿತು.

ಆ ಶಿಕ್ಷೆಯ ಕಾಲ ಮುಗಿದಿಲ್ಲ. 2017ರ ಜೂನ್ ತಿಂಗಳಲ್ಲಿ ಆಗಿನ ಮುದ್ದೇಬಿಹಾಳ ತಾಲ್ಲೂಕಿನ ಗುಂಡಕನಾಳದಲ್ಲಿ, ಬೇರೆ ಸಮುದಾಯದ ಯುವಕನನ್ನು ಮದುವೆಯಾದಳೆಂಬ ಕಾರಣಕ್ಕೆ ಗರ್ಭಿಣಿಯಾಗಿದ್ದ ಯುವತಿಯೊಬ್ಬಳನ್ನು ತವರಿನವರೇ ಸುಟ್ಟು ಕೊಂದ ಪ್ರಕರಣ ನಾಡನ್ನು ಕಲಕಿತು. ಬೀಸುವ ಹಾಡುಗಳಲ್ಲಿ ಹೆಣ್ಣಿಗೆ ಉಳಿದಿರುವ ಒಂದೇ ಆಸರೆಯಾಗಿ ಕಾಣುವ ತವರು, ಮಾನದ ಪ್ರಶ್ನೆ ಎದುರಾದಾಗ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಈ ಘಟನೆ ತೋರಿಸಿತು. ಮಾನದ ಹೆಸರಿನ ಹತ್ಯೆಗಳನ್ನು ಕುರಿತ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ತೀರ್ಪು ನೀಡಿ, ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ, ಕುಲದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲವೆಂದು ಹೇಳಿತು; ಇಂಥ ಜೋಡಿಗಳ ರಕ್ಷಣೆಗೆ ಜಿಲ್ಲೆಗಳಲ್ಲಿ ವಿಶೇಷ ಘಟಕಗಳನ್ನು ರಚಿಸಬೇಕೆಂದೂ ಸೂಚಿಸಿತು.

ಕಾನೂನು ಮುಂದೆ, ರೂಢಿ ಹಿಂದೆ

ಕಾನೂನು ರೂಢಿಯನ್ನು ತಾನೊಂದೇ ಬದಲಿಸಲಾರದು ಎಂಬುದಕ್ಕೆ ಬಾಲ್ಯವಿವಾಹದ ಕಥೆ ಸಾಕ್ಷಿಯಾಗಿದೆ. ‘ಗರತಿಯ ಹಾಡು’ ಪ್ರಕಟವಾಗುವ ಹಿಂದಿನ ವರ್ಷ, 1930ರ ಏಪ್ರಿಲ್ 1ರಿಂದ, ಶಾರದಾ ಕಾಯಿದೆಯೆಂದು ಹೆಸರಾದ 1929ರ ಬಾಲ್ಯವಿವಾಹ ಪ್ರತಿಬಂಧಕ ಕಾಯಿದೆ ಜಾರಿಗೆ ಬಂದಿತ್ತು. ಅದು ಹೆಣ್ಣಿನ ಮದುವೆಗೆ 14 ವರ್ಷದ ಗೆರೆ ಎಳೆಯಿತು. 1978ರ ತಿದ್ದುಪಡಿ ಆ ಗೆರೆಯನ್ನು 18ಕ್ಕೆ ಏರಿಸಿತು. 2006ರ ಕಾಯಿದೆ ನಿಷೇಧವನ್ನು ಬಿಗಿಗೊಳಿಸಿತು. ಕರ್ನಾಟಕವು 2016ರ ತನ್ನ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು; ವಿಜಯಪುರ ಜಿಲ್ಲೆಯ ಪ್ರಮಾಣ ರಾಜ್ಯದ ಸರಾಸರಿಗಿಂತ ಹೆಚ್ಚು.

ಮಗಳಿಗೆ ಬೇಗ ಮದುವೆ ಮಾಡುವ ತಂದೆತಾಯಿಗಳಲ್ಲಿ ಅನೇಕರಿಗೆ ಅದು ಸರಿಯಲ್ಲವೆಂಬ ತಿಳಿವಳಿಕೆ ಇಲ್ಲದಿಲ್ಲ. ತಡ ಮಾಡಿದರೆ ಒಳ್ಳೆಯ ಸಂಬಂಧ ತಪ್ಪೀತು, ದುಡಿಯಲು ಗುಳೆ ಹೋಗುವಾಗ ಬೆಳೆದ ಮಗಳನ್ನು ಯಾರ ಬಳಿ ಬಿಡುವುದು, ಮಂದಿ ಏನಂದಾರು ಎಂಬ ಅಂಜಿಕೆಗಳು ಆ ತಿಳಿವಳಿಕೆಗಿಂತ ಮೇಲಾಗುತ್ತವೆ. ಪ್ರತಿಯೊಬ್ಬರೂ ಒಳಗೊಳಗೆ ರೂಢಿಯನ್ನು ಒಪ್ಪದೆ, ಉಳಿದವರೆಲ್ಲ ಒಪ್ಪಿದ್ದಾರೆಂದು ನಂಬಿ ತಾವೂ ಸುಮ್ಮನಿರುವ ಈ ಸ್ಥಿತಿಯನ್ನು ಸಮಾಜ ಮನೋವಿಜ್ಞಾನಿಗಳು ‘ಬಹುಜನರ ಪರಸ್ಪರ ಅಜ್ಞಾನ’ ಎಂಬರ್ಥದ ಹೆಸರಿನಿಂದ ಗುರುತಿಸುತ್ತಾರೆ. ಅಮೆರಿಕದ ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವ ಸುಲಭದ ಪ್ರಶ್ನೆಗೂ ಗುಂಪು ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರ ಸುಮಾರು ಮೂರನೆಯ ಒಂದು ಪಾಲು ಉತ್ತರಗಳು ಗುಂಪಿನ ತಪ್ಪನ್ನೇ ಅನುಸರಿಸಿದವು; ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ನಿಜವನ್ನು ಹೇಳಿದಾಗ ಈ ಪ್ರಮಾಣ ಬಹಳ ಕೆಳಗಿಳಿಯಿತು.

ರೂಢಿ ಮುರಿಯುವ ಬಗೆಗೂ ಇತಿಹಾಸದಲ್ಲಿ ಪಾಠವಿದೆ. ಚೀನಾದಲ್ಲಿ ಶತಮಾನಗಳ ಕಾಲ ಹೆಣ್ಣುಮಕ್ಕಳ ಪಾದವನ್ನು ಎಳವೆಯಲ್ಲಿಯೇ ಬಿಗಿದು ಕುಗ್ಗಿಸುತ್ತಿದ್ದರು. ಕುಗ್ಗಿಸದವಳಿಗೆ ಒಳ್ಳೆಯ ಗಂಡು ಸಿಗನೆಂಬ ಭಯದಿಂದ ಆ ಹಿಂಸೆಯನ್ನು ಇಷ್ಟಪಡದ ತಾಯಂದಿರೂ ಅದನ್ನೇ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಳೆದ ಸಂಘಗಳಲ್ಲಿ ಕುಟುಂಬಗಳು ಕೂಡಿ, ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹೆಣ್ಣನ್ನು ಮಗನಿಗೆ ತರುವುದೂ ಇಲ್ಲ ಎಂದು ಒಟ್ಟಿಗೆ ಪ್ರತಿಜ್ಞೆ ಮಾಡತೊಡಗಿದ ಮೇಲೆ ಒಂದೇ ತಲೆಮಾರಿನಲ್ಲಿ ಆ ಪದ್ಧತಿ ಕುಸಿಯಿತೆಂದು ಜೆರಿ ಮ್ಯಾಕಿ ಎಂಬ ವಿದ್ವಾಂಸರು 1996ರಲ್ಲಿ ತೋರಿಸಿದರು. ಬೀಗತನದ ಬಲೆಯಲ್ಲಿ ನಿಂತ ಕಟ್ಟುಪಾಡನ್ನು ಬೀಗರಾಗುವವರೇ ಕೂಡಿ ಸಡಿಲಿಸಬೇಕು. ಒಂದು ಮನೆ ಒಂಟಿಯಾಗಿ ಸಡಿಲಿಸಹೋದರೆ ಆ ಮನೆಯ ಮಕ್ಕಳೇ ಬೆಲೆ ತೆರುತ್ತಾರೆ.

ಗಿರಣಿ ಬಂದ ಮೇಲೆ

ಹಿಟ್ಟಿನ ಗಿರಣಿ ಊರೂರಿಗೆ ಬಂದು ಹೆಣ್ಣಿನ ರಟ್ಟೆಯ ದಣಿವನ್ನು ಇಳಿಸಿತು. ಆ ದಣಿವನ್ನು ಮರಳಿ ಬಯಸುವುದು ಅನ್ಯಾಯ. ಆದರೆ ಬೀಸುವ ಕಲ್ಲಿನೊಂದಿಗೆ ನೋವನ್ನು ಆಡುವ ಹೊತ್ತೂ ಹೋಯಿತು, ಕಟ್ಟುಪಾಡು ಮಾತ್ರ ಹೋಗಲಿಲ್ಲ. ಮಕ್ಕಳಾಗದವಳನ್ನು ಇಂದಿಗೂ ಸೀಮಂತದ ಮನೆಗೆ ಕರೆಯಲು ಹಿಂಜರಿಯುವವರಿದ್ದಾರೆ. ಸಾಲ ಮಾಡಿ ಮದುವೆ ಮಾಡದಿದ್ದರೆ ಮನೆತನದ ಹೆಸರು ಹೋಗುತ್ತದೆಂದು ಹೊಲ ಮಾರುವ ತಂದೆಯಿದ್ದಾನೆ. ಅಳುವುದು ಗಂಡಸುತನಕ್ಕೆ ತಕ್ಕುದಲ್ಲವೆಂದು ಬೆಳೆ ಹಾಳಾದ ಸಂಕಟವನ್ನು ಹೆಂಡತಿಗೂ ಹೇಳದೆ ನುಂಗುವ ರೈತನಿದ್ದಾನೆ. ಗರತಿಗಿದ್ದ ಹಾಡಿನ ಕಿಂಡಿಯೂ ಇವರಿಗೆ ಇಲ್ಲ.

ಕಿಂಡಿಯನ್ನು ಮರಳಿ ತೆರೆದರೆ ಮಾತ್ರ ಸಾಲದು. ಆಡಿದ ಮಾತಿಗೆ ಉತ್ತರಿಸಬೇಕಾದವರು ಎದುರು ಕೂರುವ ಜಾಗಗಳು ಬೇಕು. ಅಂಥ ಜಾಗಗಳ ಚೌಕಟ್ಟು ಈಗಾಗಲೇ ಊರುಗಳಲ್ಲಿದೆ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳನ್ನು ನಡೆಸುವ ವ್ಯವಸ್ಥೆ ಪಂಚಾಯಿತಿಗಳಲ್ಲಿದೆ. ವಾರವಾರ ಕೂಡುವ ಸ್ವಸಹಾಯ ಸಂಘಗಳಿವೆ. ಮಠಮಾನ್ಯಗಳು ನಡೆಸುವ ಸಾಮೂಹಿಕ ವಿವಾಹಗಳು ಮದುವೆಯ ಖರ್ಚಿನ ಪೈಪೋಟಿಯನ್ನು ಕೂಡಿಯೇ ತಗ್ಗಿಸಬಹುದೆಂದು ತೋರಿಸಿವೆ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098 ಸಹಾಯವಾಣಿಗೆ ಕರೆ ಮಾಡಬಹುದು. ಈ ಸಭೆಗಳಲ್ಲಿ ಸಾಲದ ಕಂತು, ನೀರಿನ ಕೊಳವೆಗಳ ಜೊತೆಗೆ ಹೆಣ್ಣುಮಕ್ಕಳ ಮದುವೆಯ ವಯಸ್ಸು, ಮಕ್ಕಳಿಲ್ಲದವರಿಗೂ ಗಂಡ ಸತ್ತವರಿಗೂ ಶುಭಕಾರ್ಯದಲ್ಲಿ ಸಲ್ಲಬೇಕಾದ ಸ್ಥಾನ, ಗಂಡನ ಮನೆಯಿಂದ ಹೊರಬಂದವಳಿಗೆ ತವರು ಕೊಡಬೇಕಾದ ಆಸರೆ ಇವೂ ಚರ್ಚೆಗೆ ಬರಬೇಕು. ಹತ್ತು ಮನೆತನಗಳು ಕೂಡಿ ಒಂದು ರೂಢಿಯನ್ನು ಬಿಟ್ಟೆವೆಂದು ಬಹಿರಂಗವಾಗಿ ಹೇಳಿದರೆ ಹನ್ನೊಂದನೆಯ ಮನೆಗೆ ಅಂಜಿಕೆ ಕಡಿಮೆಯಾಗುತ್ತದೆ.

ಹಲಸಂಗಿಯ ಗೆಳೆಯರು ಬೀಸುವ ಹೆಣ್ಣಿನ ಮಾತನ್ನು ಸಾಹಿತ್ಯವೆಂದು ಗೌರವಿಸಲು ನಾಡಿಗೆ ಕಲಿಸಿದರು. ತೊಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಆ ಹಾಡುಗಳ ಸೊಬಗನ್ನು ತರಗತಿಗಳಲ್ಲಿ ಪಾಠ ಮಾಡುತ್ತ, ವೇದಿಕೆಗಳಲ್ಲಿ ರಾಗವಾಗಿ ಹಾಡುತ್ತ ಬಂದ ನಾಡು ಅವುಗಳಲ್ಲಿರುವ ದೂರನ್ನು ದೂರೆಂದೇ ಕೇಳಿಸಿಕೊಂಡದ್ದು ಕಡಿಮೆ. ಬಂಜೆಯ ಹಾಡಿಗೆ ಕಣ್ಣೀರು ತಂದುಕೊಂಡವರು ತಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಅಂಥವಳನ್ನು ಮೊದಲ ಸಾಲಿಗೆ ಕರೆದು ಕೂರಿಸಿದ ದಿನ, ಆ ಹಾಡನ್ನು ಕಟ್ಟಿದ ಹೆಸರಿಲ್ಲದ ಹೆಣ್ಣಿಗೆ ಸಲ್ಲಬೇಕಾದ ಉತ್ತರ ಸಲ್ಲತೊಡಗುತ್ತದೆ.